ಪ್ರಶ್ನೆಯಿಲ್ಲದ ಸಿನಾಪ್ಸಿಸ್ಸುಗಳು

ನಮ್ಮ ಹುಡುಗರು ಪಿಎಚ್.ಡಿ.ಗೆ ಬರೆಯುವ ಸಿನಾಪ್ಸಿಸ್ಸುಗಳನ್ನು ಓದುತ್ತಾ ಬಂದಿದ್ದೇನೆ. ಹೆಸರು ಬೇರೆ ಬೇರೆ, ಬಾಲ ಒಂದೇ: 'ಒಂದು ಅಧ್ಯಯನ'. ಉದ್ದೇಶ ಆರು, ಅಧ್ಯಾಯ ಏಳು, ಕೊನೆಗೆ ಉಪಸಂಹಾರ. ಇಷ್ಟೆಲ್ಲ ಇದ್ದೂ ಇವನು ಏನು ಕೇಳ್ತಿದ್ದಾನೆ ಅನ್ನೋದು ಮಾತ್ರ ಎಲ್ಲೂ ಸಿಕ್ಕೋದಿಲ್ಲ.

ಇದು ಹುಡುಗರ ದಡ್ಡತನ ಅಂತ ಹೇಳಲಾರೆ. ನಮ್ಮೂರ ಹೋಟೆಲುಗಳಲ್ಲಿ ನಮಗಿಡುತ್ತಿದ್ದ ಬೇರೆ ಲೋಟದ ಬಗ್ಗೆ ಬರೀತೀನಿ ಅಂತ ನಾನೂ ಹೋಗಿದ್ದೆ. "ಅದೆಲ್ಲ ಜಗಳದ ವಿಷಯ ಕಣಯ್ಯ. ನಾನೊಂದು ಕೊಡ್ತೀನಿ, ಹಳೇ ಥೀಸಿಸ್ ನೋಡ್ಕೊಂಡು ಅದರಂತೆ ಬರಿ" ಅಂದರು ಮೇಷ್ಟ್ರು. ಸ್ಕಾಲರ್‌ಶಿಪ್ ತಪ್ಪೀತು ಅನ್ನೋ ಭಯಕ್ಕೆ ಬರೆದೆ.

1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, ಗೋಲ್ಡನ್‌ವೈಸರ್ ಅವರ ಸೆಮಿನಾರಿನಲ್ಲಿ, 25 ವರ್ಷದ ಅಂಬೇಡ್ಕರ್ ಅವರು 'ಭಾರತದಲ್ಲಿ ಜಾತಿಗಳು' ಪ್ರಬಂಧ ಓದಿದರು. ಅದು ಸಿನಾಪ್ಸಿಸ್ ಅಲ್ಲ, ನಿಜ. ಆದರೆ ಸಿನಾಪ್ಸಿಸ್ ಬರೆಯುವವನು ಮೊದಲು ಓದಬೇಕಾದ್ದು ಅದನ್ನೇ. ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್ ಜಾತಿಗೆ ಕೊಟ್ಟ ವ್ಯಾಖ್ಯೆಗಳನ್ನು ಮುಂದಿಟ್ಟುಕೊಂಡು ಒಂದೊಂದೂ ಎಲ್ಲಿ ಸಾಲದು ಅಂತ ತೋರಿಸ್ತಾರೆ. ಮೈಲಿಗೆ, ಸಹಪಂಕ್ತಿ ನಿಷೇಧ ಬದಿಗೆ ಸರಿದು ಕೈಗೆ ಒಂದೇ ಗಂಟು ಉಳಿಯುತ್ತೆ: ಜಾತಿಯೊಳಗಿನ ಮದುವೆ. ಆಮೇಲೆ ಬರೋದು ಪ್ರಶ್ನೆ. ಗುಂಪು ತನ್ನೊಳಗೇ ಮದುವೆಯಾಗಬೇಕಾದರೆ ಗಂಡು ಹೆಣ್ಣಿನ ಲೆಕ್ಕ ಸಮ ಇರಬೇಕಲ್ಲ? ಗಂಡ ಸತ್ತು ಮಿಕ್ಕ ಹೆಣ್ಣನ್ನು, ಹೆಂಡತಿ ಸತ್ತು ಮಿಕ್ಕ ಗಂಡನ್ನು ಏನು ಮಾಡೋದು? ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ — ಬಿಡಿ ಬಿಡಿ ಅನಿಷ್ಟಗಳಂತೆ ಕಾಣ್ತಿದ್ದವು ಒಂದೇ ಯಂತ್ರದ ಹಲ್ಲುಗಳಾಗ್ತವೆ. ಇಷ್ಟಾದ ಮೇಲೂ ಇದೇ ಕೊನೇ ಮಾತಲ್ಲ ಅಂತಾರೆ. ನಮ್ಮವರೋ, ಪ್ರಾಕ್ಕಲ್ಪನೆ ಬರೆಯುವಾಗಲೇ ತೀರ್ಮಾನ ಬರೆದಿಟ್ಟಿರ್ತಾರೆ.

ಈಗ ಆ ಲೋಟಕ್ಕೆ ಬರೋಣ. 'ಅಸ್ಪೃಶ್ಯತೆ: ಒಂದು ಅಧ್ಯಯನ' ಅಂದರೆ ಯಾರಿಗೂ ನೋವಾಗದು. ನಮ್ಮೂರ ಮೂರು ಹೋಟೆಲುಗಳಲ್ಲಿ ಎರಡರಲ್ಲಿ ಬೇರೆ ಲೋಟ ಹೋಯ್ತು, ಒಂದರಲ್ಲಿ ಉಳೀತು, ಯಾಕೆ? ಹೀಗೆ ಕೇಳಿದರೆ ಕೆಲಸ ಶುರು. 1955ರ ಕಾಯಿದೆ ಕಾರಣವೋ, ಸಂಘದ ಹುಡುಗರು ಒಟ್ಟಾಗಿ ಒಳಗೆ ನುಗ್ಗಿದ್ದೋ, ಇಲ್ಲಾ ಬಿಸಾಡೋ ಪ್ಲಾಸ್ಟಿಕ್ ಲೋಟ ಬಂದದ್ದೋ? ಪ್ಲಾಸ್ಟಿಕ್ಕು ಮೈಲಿಗೆಯನ್ನು ಅಳಿಸಿತೋ, ಬರೀ ಮರೆಮಾಡಿತೋ? ಯಾರನ್ನು ಕೇಳ್ತೀಯ: ಮಾಲೀಕನನ್ನೋ, ಲೋಟ ತೊಳೆದವರನ್ನೋ? ಹೋಟೆಲಿನಲ್ಲಿ ಎಲ್ಲರೆದುರು ಸಿಗೋ ಉತ್ತರ ಒಂದು, ರಾತ್ರಿ ಕೇರಿಯಲ್ಲಿ ಸಿಗೋದು ಇನ್ನೊಂದು. ಎರಡನ್ನೂ ಹೇಗೆ ಪಡೀತೀಯ ಅಂತ ಬರೆದರೆ ಅದೇ 'ಅಧ್ಯಯನ ವಿಧಾನ'.

ಹೊರಗೆ ಕುಕ್ಕರಗಾಲಲ್ಲಿ ಕೂತು ಟೀ ಕುಡೀತಿದ್ದ ನಮ್ಮಪ್ಪನನ್ನು ನಾನು ಕೇಳಲೇ ಇಲ್ಲ. ಅವನು ಹೋದ. ಮೇಷ್ಟ್ರು ಕೊಟ್ಟ ವಿಷಯದ ನನ್ನ ಥೀಸಿಸ್ ಲೈಬ್ರರಿಯಲ್ಲಿದೆ. ಯಾರೂ ತೆಗೆದು ನೋಡಿದ ಗುರುತಿಲ್ಲ.