ಒಂದು ಪದ ಬದಲಾದಾಗ

ವಿಶ್ವಸಂಸ್ಥೆಯ ಘೋಷಣೆಗಳನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಓದಬೇಕು, ಪದವೊಂದು ಬದಲಾದರೆ ಅಲ್ಲೂ ಕತೆಯೇ ಬದಲಾಗುತ್ತದೆ. 1996ರಲ್ಲಿ ರೋಮ್‌ನ ಆಹಾರ ಶೃಂಗಸಭೆಯಲ್ಲಿ ಸೇರಿದ್ದ ರಾಷ್ಟ್ರಗಳು 2015ರೊಳಗೆ ಹಸಿದವರ ‘ಸಂಖ್ಯೆ’ಯನ್ನು ಅರ್ಧಕ್ಕಿಳಿಸುವುದಾಗಿ ಮಾತು ಕೊಟ್ಟವು. ನಾಲ್ಕೇ ವರ್ಷ. 2000ದ ಸಹಸ್ರಮಾನ ಘೋಷಣೆಯಲ್ಲಿ ‘ಸಂಖ್ಯೆ’ ಮಾಯವಾಗಿ ಆ ಜಾಗದಲ್ಲಿ ‘ಪ್ರಮಾಣ’ ಕುಳಿತಿತ್ತು. ಹಸಿದವರು ಅಷ್ಟೇ ಇದ್ದರೂ ಜನಸಂಖ್ಯೆ ಬೆಳೆದಂತೆ ಪ್ರಮಾಣ ತಾನಾಗಿ ಇಳಿಯುತ್ತದೆ. ಆಮೇಲೆ ಲೆಕ್ಕದ ಆರಂಭವನ್ನೂ 1990ಕ್ಕೆ ಹಿಂದೆ ಸರಿಸಿದರು. ಅದಾಗಲೇ ಆಗಿಹೋಗಿದ್ದ ಸಾಧನೆ, ಅದರಲ್ಲೂ ಚೀನಾದ್ದು, ಹೊಸ ಪ್ರತಿಜ್ಞೆಯ ಖಾತೆಗೆ ಜಮೆಯಾಯಿತು. ಜರ್ಮನ್ ಚಿಂತಕ ಥಾಮಸ್ ಪೋಗೆ ಈ ಕೈಚಳಕವನ್ನು ಬಿಡದೆ ಎತ್ತಿ ತೋರಿಸಿದ್ದಾರೆ.

ಫಲ ನೋಡಿ. ಆಹಾರ ಮತ್ತು ಕೃಷಿ ಸಂಸ್ಥೆಯ 2015ರ ವರದಿಯಂತೆ, ಅಭಿವೃದ್ಧಿಶೀಲ ದೇಶಗಳಲ್ಲಿ ಹಸಿದವರ ಪ್ರಮಾಣ 1990ರಿಂದೀಚೆಗೆ ಶೇ. 23.3ರಿಂದ 12.9ಕ್ಕೆ ಇಳಿಯಿತು. ಗುರಿ ಹೆಚ್ಚುಕಡಿಮೆ ಮುಟ್ಟಿತೆಂದು ಬೀಗಬಹುದು. ತಲೆ ಎಣಿಸಿದರೆ? ಜಗತ್ತಿನಲ್ಲಿ 101 ಕೋಟಿ ಇದ್ದದ್ದು 79.5 ಕೋಟಿ, ಇಳಿದದ್ದು ಐದರಲ್ಲೊಂದು ಪಾಲು. ಅದೇನೂ ಸಣ್ಣದಲ್ಲ, ಆದರೆ ರೋಮ್‌ನಲ್ಲಿ ಆಡಿದ ಮಾತು ಅದಲ್ಲ.

2015ರ ಸುಸ್ಥಿರ ಅಭಿವೃದ್ಧಿ ಗುರಿಗಳು 2030ರೊಳಗೆ ಹಸಿವನ್ನೇ ಇಲ್ಲವಾಗಿಸುವ ಮಾತಾಡುತ್ತವೆ. ಸಂತೋಷ. ಆದರೆ ಬಡತನದ ಗುರಿಯ ಎರಡನೇ ಅಂಶವನ್ನೂ ಓದಿ: ಆಯಾ ದೇಶದ ವ್ಯಾಖ್ಯೆಯಂತೆ ಬಡವರ ‘ಪ್ರಮಾಣ’ವನ್ನು ಕನಿಷ್ಠ ಅರ್ಧಕ್ಕೆ ಇಳಿಸುವುದು. ಅದೇ ಪದ, ಮತ್ತೆ ಬಂದು ಕೂತಿದೆ.