ಸುವರ್ಣ ರಥ, ಕಲ್ಲಿನ ರಥ ಮತ್ತು ನಮ್ಮಪ್ಪ

2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್ ರೈಲಿಗೆ ಹೆಸರು ಬಂದಿದ್ದು ಹಂಪಿಯ ಕಲ್ಲಿನ ರಥದಿಂದ. ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಅಂತ ನಮ್ಮ ರಾಜವಂಶಗಳ ಹೆಸರು. ಊಟದ ಬೋಗಿ ನಳ, ಬಾರು ಮದಿರಾ. ಹೆಸರಿಟ್ಟವರ ಕನ್ನಡದ ಬಗ್ಗೆ ನನಗೆ ತಕರಾರಿಲ್ಲ. ಆದ್ರೆ ಐದು ರಾತ್ರಿಗೆ ತಲೆಗೆ ಸುಮಾರು 4 ಲಕ್ಷ ರೂಪಾಯಿ! ಹುಣಸೂರಿನಲ್ಲಿರೋ ಅಪ್ಪನಿಗೆ ಫೋನಲ್ಲಿ ಹೇಳಿದೆ. "ಆ ದುಡ್ಡಲ್ಲಿ ಬ್ಯಾರನ್ ರಿಪೇರಿ ಮಾಡಿಸ್ಬೋದು ಕಣ್ಲಾ" ಅಂದ್ರು.

ಹಂಪಿ ನೋಡೋದು ಅವ್ವನ ಹಳೇ ಆಸೆ. ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ಹೊರಟ್ವಿ. ನಮ್ಮ ಕಡೆ ರೈಲಿರೋದು ಕೆ.ಆರ್. ನಗರಕ್ಕೆ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರು ಮೊದಲು ಬಸ್ಸೇ ಹತ್ತಬೇಕು. (ಗೋಲ್ಡನ್ ಚಾರಿಯಟ್‌ನವರು ಮಾತ್ರ ಆಗೆಲ್ಲ ಪ್ರವಾಸಿಗರನ್ನ ಕೋಟೆಯ ಕಬಿನಿವರೆಗೂ ಕರ್ಕೊಂಡು ಹೋಗ್ತಿದ್ರು.) ಅಪ್ಪ, ಅವ್ವ ಮೈಸೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರು, ನಾನು ರಾತ್ರಿ ಬೆಂಗಳೂರಲ್ಲಿ ಸೇರ್ಕೊಂಡೆ. ಸ್ಲೀಪರ್ ಬೋಗಿಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ನನಗೋಸ್ಕರ ಕಾಯ್ತಿತ್ತು. ನಳನಿಗೆ ಇಲ್ಲೇ ಸೋಲು.

ಬೆಳಗ್ಗೆ ಹೊಸಪೇಟೆಯಲ್ಲಿ ಇಳಿದು ಹಂಪಿಗೆ ಹೋದ್ವಿ. ವಿಠ್ಠಲ ದೇವಾಲಯದಲ್ಲಿ ಅಪ್ಪ 50 ರೂಪಾಯಿ ನೋಟು ತೆಗೆದು ರಥದ ಜೊತೆ ಹೋಲಿಸಿದ್ರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಚಕ್ರದ ಅಚ್ಚು ನೋಡಿದ್ದೇ ನೋಡಿದ್ದು. ಹಿಂದೆ ಈ ಚಕ್ರ ತಿರುಗುತ್ತಿದ್ದವು, ಈಗ ಸಿಮೆಂಟ್ ಹಾಕಿ ನಿಲ್ಲಿಸಿದ್ದಾರೆ ಅಂದೆ. ಎತ್ತಿನ ಗಾಡಿ ಹೊಡೆದ ಮನುಷ್ಯ, ಪೆಚ್ಚಾಗಿಬಿಟ್ಟರು. ಇದು ನಿಜಕ್ಕೂ ಗರುಡನ ಗುಡಿ ಅಂತ ನಾನು ವಿವರಿಸ್ತಿದ್ದದ್ದು ಅವರ ಕಿವಿಗೆ ಬೀಳಲೇ ಇಲ್ಲ.

ಅವ್ವನಿಗೆ ಮಂಡಿನೋವು. ಹನ್ನೊಂದಕ್ಕೇ ಬಂಡೆ ಕಾದು ಕೆಂಡ. "ನೀವು ನೋಡ್ಕೊಂಡ್ ಬನ್ನಿ, ನಾನ್ ಇಲ್ಲೇ ಇರ್ತೀನಿ" ಅಂತ ಮರದ ಕೆಳಗೆ ಕೂತುಬಿಟ್ಟರು. ಅಷ್ಟು ವರ್ಷ ಆಸೆಪಟ್ಟವರು ಕಮಲ ಮಹಲನ್ನೂ ನೋಡಲಿಲ್ಲ, ಆನೆ ಲಾಯವನ್ನೂ ನೋಡಲಿಲ್ಲ.

ನನ್ನ ಸಿಟ್ಟು ದುಬಾರಿ ರೈಲಿನ ಮೇಲಲ್ಲ. ವಿದೇಶದವರು ಬರಲಿ, ದುಡ್ಡಿದ್ದವರು ಹೋಗಲಿ. ಆದ್ರೆ 2022ರಲ್ಲಿ ಇದೇ ರಾಜ್ಯ ಕಾಶಿಗೆ ಭಾರತ್ ಗೌರವ್ ರೈಲು ಬಿಟ್ಟು, ಯಾತ್ರಿಗೆ ತಲಾ 5,000 ರೂಪಾಯಿ ಸಹಾಯಧನ ಕೊಡ್ತು. ಕಾಶಿಗೆ ಆಗೋದು ಹಂಪಿಗೆ ಯಾಕಾಗಲ್ಲ? ಎರಡು ದಿನ, ಕನ್ನಡದಲ್ಲಿ ವಿವರಿಸೋ ಗೈಡು, ಸ್ಟೇಷನ್‌ನಿಂದಲೇ ಜೊತೆಗಿರೋ ಬಸ್ಸು, ಮಧ್ಯಾಹ್ನದ ಬಿಸಿಲಿಗೆ ವಯಸ್ಸಾದವರು ಕಾಲು ಚಾಚೋಕೆ ಒಂದು ಹಾಲ್ ಸಾಕು. ಬೋಗಿಗೆ ಹೊಯ್ಸಳ ಅಂತ ಹೆಸರಿಡದಿದ್ರೂ ನಡೆಯುತ್ತೆ.

ವಾಪಸ್ ಬರುವಾಗ ಅವ್ವ ಕೇಳಿದ್ರು, "ಬಿಟ್ಟಿದ್ದನ್ನ ನೋಡಕ್ಕೆ ಇನ್ನೊಂದ್ಸಲ ಹೋಗವಾ?"

"ಸೊಪ್ಪಿಗೆ ರೇಟು ಬರ್ಲಿ" ಅಂತ ಅಪ್ಪ ಮಗ್ಗುಲಾದ್ರು.