ಹಿತ್ತಾಳೆ ಕೇಸಿನ ಹೊಳಪು ಮತ್ತು ಅದರ ಅತಿಮನ್ನಣೆ

ಹಾರಿಸಿದ ತೋಟಾದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸುವ ರೀಲೋಡಿಂಗ್ ಅಮೆರಿಕದಲ್ಲಿ ಹಳೆಯ ಹವ್ಯಾಸ. ಜೋಳದ ದಿಂಡಿನ ಪುಡಿ ಅಥವಾ ಅಕ್ರೋಟು ಚಿಪ್ಪಿನ ಪುಡಿಯಲ್ಲಿ ಕೇಸುಗಳನ್ನು ಅಲುಗಾಡಿಸುವುದು ಅಲ್ಲಿನ ಪರಿಚಿತ ಕ್ರಮ. ನೀರು, ಸೋಪು, ಸಿಟ್ರಿಕ್ ಆಮ್ಲ ಹಾಗೂ ಸ್ಟೀಲ್ ಸೂಜಿಗಳೊಂದಿಗೆ ಉರುಳಿಸುವುದು ಈಚಿನ ಕ್ರಮ. ಒಳಮೈಯನ್ನೂ ಹೊಸದರಂತೆ ಬೆಳಗುವ ಈ ಎರಡನೆಯದಕ್ಕೆ ಸಿಕ್ಕ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದೆ.

ಅದರ ಒಂದು ಗುಣ ನಿಜ. ಪ್ರೈಮರ್ ಮಸಿಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಒಣ ಪುಡಿಯಲ್ಲಿ ಅದು ಧೂಳಾಗಿ ಏಳುತ್ತದೆ, ನೀರಿನಲ್ಲಿ ಏಳುವುದಿಲ್ಲ.

ಆದರೆ ಕೇಸಿನ ಆಯಸ್ಸು ತೀರ್ಮಾನವಾಗುವುದು ಬುಡದ ಸ್ವಲ್ಪ ಮೇಲೆ. ರೈಫಲ್ ಹಾರಿದಾಗ ಕೇಸಿನ ಗೋಡೆ ಚೇಂಬರಿಗೆ ಕಚ್ಚಿಕೊಳ್ಳುತ್ತದೆ, ಬುಡ ಮಾತ್ರ ಹಿಂದೆ ಸರಿಯುತ್ತದೆ. ನಡುವಿನ ಲೋಹ ಎಳೆದು ತೆಳುವಾಗುತ್ತದೆ. ಕೇಸನ್ನು ಡೈ ಎಂಬ ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುವಾಗ, ಅಂದರೆ ರೀಸೈಜ್ ಮಾಡುವಾಗ, ಅದರ ಭುಜವನ್ನು ಅಗತ್ಯಕ್ಕಿಂತ ಹಿಂದೆ ತಳ್ಳಿದರೆ ಈ ಸವೆತ ಇನ್ನೂ ಬೇಗ. ಕಡೆಗೊಮ್ಮೆ ಕೇಸು ಅಲ್ಲೇ ತುಂಡಾಗಿ ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ಹೊರಮೈಯಲ್ಲಿ ಮೂಡುವ ಹೊಳೆಯುವ ಬಳೆಗೆರೆ ಇದರ ಮುನ್ಸೂಚನೆ. ಮಂಕಾದ ಹಿತ್ತಾಳೆಯ ಮೇಲೆ ಅದು ಕಣ್ಣಿಗೆ ಬೀಳುತ್ತದೆ. ಇಡೀ ಮೈ ಬೆಳಗಿದ ಮೇಲೆ ಆ ಗೆರೆ ಹೊಳಪಿನಲ್ಲೇ ಕರಗುತ್ತದೆ.

ಶುಭ್ರ ಕೇಸಿನಲ್ಲಿ ಬಿರುಕು ಚೆನ್ನಾಗಿ ಕಾಣುತ್ತದೆ ಎಂಬುದು ಹೊಳಪಿನ ಪಕ್ಷದವರ ವಾದ. ಕೊರಳಿನ ಸೀಳಿನ ಮಟ್ಟಿಗೆ ಅದು ಸರಿ. ಬುಡದ ದೋಷದ ಬಗ್ಗೆ ಅದು ಏನನ್ನೂ ಸಾಧಿಸುವುದಿಲ್ಲ: ಅಲ್ಲಿನ ತಗ್ಗು ಕೇಸಿನ ಒಳಗೆ, ಆಳದಲ್ಲಿದೆ. ತುದಿ ಬಾಗಿಸಿದ ತಂತಿಯನ್ನು ಒಳಗೋಡೆಯ ಮೇಲೆ ಎಳೆದಾಗ ಅದು ಬೆರಳಿಗೆ ತಿಳಿಯುತ್ತದೆ, ಮಸಿ ಇದ್ದರೂ ತಿಳಿಯುತ್ತದೆ. ಹೊಳಪನ್ನೇ ಗಟ್ಟಿತನದ ಪುರಾವೆ ಎಂದು ಬಗೆಯುವುದು ಈ ವಾದದ ಮೂಲ ದೋಷ.

ಲೋಹದ ಚರಿತ್ರೆಯೂ ಇದಕ್ಕೆ ವಿರುದ್ಧವಾಗಿದೆ. ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ ತೋಟಾಗಳ ಕೇಸುಗಳು ಬಿರುಕು ಬಿಟ್ಟವು. ಒಳಒತ್ತಡ ಉಳಿದಿದ್ದ ಹಿತ್ತಾಳೆಯನ್ನು ಲಾಯದ ಅಮೋನಿಯಾ ಸೀಳಿದ್ದೇ ಕಾರಣವೆಂದು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಸಂಶೋಧಕರು 1921ರಲ್ಲಿ ವಿವರಿಸಿದರು. ಅದೇ ಅಮೋನಿಯಾ ಬೆರೆತ ಪಾಲಿಷ್‌ಗಳು ಹಿತ್ತಾಳೆಗೆ ಸೊಗಸಾದ ಹೊಳಪು ಕೊಡುತ್ತವೆ. ಕೇಸಿಗೆ ಅವು ವರ್ಜ್ಯ. ಸಿಟ್ರಿಕ್ ಆಮ್ಲವೂ ಅತಿಯಾದರೆ ಸತುವನ್ನು ಸೆಳೆದು ಲೋಹವನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುತ್ತದೆ.

ಆದ್ದರಿಂದ ತೊಳೆಯುವ ಮುನ್ನವೇ ಪರೀಕ್ಷೆ, ಬಳಿಕ ಡೈಗೆ ಗೀರು ಬೀಳದಷ್ಟು ಶುಚಿ, ಅಳತೆಯರಿತ ರೀಸೈಜ್, ಉದ್ದ ಮೀರಿದ್ದರೆ ಕತ್ತರಿಸಿ ಬಾಯಂಚು ನಯಗೊಳಿಸುವುದು: ಇದೇ ಸರಿಯಾದ ಕ್ರಮ. ಬಳೆಗೆರೆ ಕಂಡ ಕೇಸು, ತಂತಿಗೆ ತಗ್ಗು ಸಿಕ್ಕ ಕೇಸು ಎಷ್ಟೇ ಹೊಳೆದರೂ ಗುಜರಿಗೇ ಸೇರಬೇಕು.